ಮೂಗುತಿಯ ತಿರುಪು

ಹೆಣ್ಣುಮಗುವಿನ ಕಿವಿ ಚುಚ್ಚಿಸುವಾಗ ಯಾರೂ ಅದರ ಅಪ್ಪಣೆ ಕೇಳುವುದಿಲ್ಲ. ಕೇಳಿದರೆ ಹೇಳುವ ವಯಸ್ಸೂ ಅದಲ್ಲ. ಸುಶ್ರುತ ಸಂಹಿತೆಯಲ್ಲಿ ಆರನೆಯ ಅಥವಾ ಏಳನೆಯ ತಿಂಗಳಲ್ಲಿ ಮಗುವನ್ನು ದಾದಿಯ ಮಡಿಲಲ್ಲಿ ಕೂರಿಸಿ, ಆಟಿಕೆ ತೋರಿಸಿ ರಮಿಸುತ್ತ ಚುಚ್ಚಬೇಕೆಂದಿದೆ. ನೋವಾಗುತ್ತದೆಂದು ಗೊತ್ತಿದ್ದುದರಿಂದಲೇ ಆಟಿಕೆ. ಆದರೆ ಆ ವೈದ್ಯ ಚುಚ್ಚಿ ಸುಮ್ಮನಾದವನಲ್ಲ. ಮೂರು ದಿನಕ್ಕೊಮ್ಮೆ ಬತ್ತಿ ಬದಲಾಯಿಸಬೇಕು, ಹರಿದ ಕಿವಿಹಾಲೆಯನ್ನು ಕೂಡಿಸಲು 15 ವಿಧಾನಗಳಿವೆ ಎಂದು ಅದೇ ಅಧ್ಯಾಯದಲ್ಲಿ ಬರೆದಿದ್ದಾನೆ. ಇನ್ನೊಬ್ಬರ ಮೈಗೆ ತೂತು ಮಾಡಿದ ಮೇಲೆ ಹೊಣೆ ಶುರುವಾಗುತ್ತದೆಂದು ಅವನು ತಿಳಿದಿದ್ದನೆಂದು ನನಗನಿಸುತ್ತದೆ.

ನಮ್ಮಲ್ಲಿ ಚುಚ್ಚಿಸುವುದಕ್ಕೆ ಮುಹೂರ್ತವುಂಟು, ಪಾಯಸವುಂಟು. ಆಮೇಲೆ ಒಡವೆ ಬದಲಾಯಿಸುವುದನ್ನು ಹುಡುಗಿಗೆ ಕಲಿಸುವವರು ಕಡಿಮೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಿವಿ ಚುಚ್ಚಿಸಿ ತಿಂಗಳಾಗುವ ಮೊದಲೇ ವಾರ್ಷಿಕೋತ್ಸವಕ್ಕೆಂದು ಫ್ಯಾನ್ಸಿ ಅಂಗಡಿಯ ಜುಮುಕಿ ಸಿಕ್ಕಿಸಿಕೊಂಡು ಬಂದಿದ್ದಳು. ಮೂರನೆಯ ದಿನಕ್ಕೆ ಕಿವಿ ಊದಿ ಕೀವು. ಅವಳ ಅಜ್ಜಿ ಹಿಡಿಸೂಡಿ ಕಡ್ಡಿ ಹಾಕಲು ಹೊರಟಿದ್ದರು. ಕೀವಾದಾಗ ಒಡವೆ ಕಿತ್ತರೆ ತೂತು ಮುಚ್ಚಿ ಕೀವು ಒಳಗೇ ಉಳಿದೀತು, ಹಾಗೆಯೇ ಡಾಕ್ಟರರ ಬಳಿ ಕರೆದುಕೊಂಡು ಹೋಗಿ ಎಂದೆ.

ಮರುವಾರ ನೀತಿಪಾಠದ ಅವಧಿಯಲ್ಲಿ ನಾನು ಹೇಳಿದ್ದು ಇದನ್ನೇ. ಕಿವಿಹಾಲೆ ಮಾಗಲು ಆರರಿಂದ ಎಂಟು ವಾರ ಬೇಕು, ಮೂಗಿಗೆ ನಾಲ್ಕಾರು ತಿಂಗಳು, ಕಿವಿಯ ಮೇಲಂಚಿಗೆ ಕೆಲವೊಮ್ಮೆ ವರ್ಷ. ಅಲ್ಲಿಯವರೆಗೆ ಬದಲಾಯಿಸಬೇಡಿ. ಸೋಪು ಹಚ್ಚಿ ಕೈ ತೊಳೆಯಿರಿ; ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು ಹಾಕಿ ಒರೆಸಿ. ಹೊಸ ಒಡವೆಯನ್ನೂ ಶುಚಿ ಮಾಡಿ. ಹೋಗದಿದ್ದರೆ ತುರುಕಬೇಡಿ. ಅಗ್ಗದ ಒಡವೆಯ ನಿಕ್ಕಲ್ ಕೆಲವರಿಗೆ ತುರಿಕೆ, ನೀರು ಸೋರುವಿಕೆ ತರುತ್ತದೆ. (ಚಿನ್ನವೆಂದು ಕೊಂಡದ್ದಕ್ಕೂ ಪೂರ್ತಿ ಭರವಸೆಯಿಲ್ಲ: 2021ರಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾದರೂ ಎರಡು ಗ್ರಾಮಿಗಿಂತ ಕಡಿಮೆಯ ಒಡವೆಗೆ ವಿನಾಯಿತಿ, ನಮ್ಮ ಮೂಗುತಿಗಳು ಹೆಚ್ಚಾಗಿ ಆ ಲೆಕ್ಕದವೇ.) ಮೂಗಿನದಾದರೆ ತಲೆ ಮುಂದಕ್ಕೆ ಬಾಗಿಸಿ, ಒಳಗಿನ ತಿರುಪನ್ನು ಬೆರಳಲ್ಲಿ ಹಿಡಿದು, ಬಾಯಲ್ಲಿ ಉಸಿರಾಡುತ್ತ ಬಿಚ್ಚಬೇಕು. ತಿರುಪು ಉಸಿರಿನೊಂದಿಗೆ ಶ್ವಾಸನಾಳಕ್ಕೆ ಇಳಿದದ್ದನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ.

ಇದು ನೀತಿಪಾಠವೇ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಹೌದೆಂದೇ ನನ್ನ ಅಭಿಪ್ರಾಯ. ಕೇಳದೆ ಚುಚ್ಚಿದ್ದಕ್ಕೆ ನಾವು ತೀರಿಸಬಹುದಾದ ಋಣ ಇಷ್ಟೇ: ಬಿಚ್ಚುವ ತಿರುಪನ್ನು ಅವಳ ಕೈಗೆ ಕೊಡುವುದು. ಬೇಡವೆನಿಸಿದರೆ ತೆಗೆದಿಡಲೂ ಅವಳಿಗೆ ಬರಬೇಕು, ಬೇಕೆನಿಸಿದರೆ ಹಾಕಿಕೊಳ್ಳಲೂ. ಕೊಡದಿದ್ದರೆ ಏನಾಗುತ್ತದೆಂಬುದನ್ನು ನಾನು ಮನೆಯಲ್ಲೇ ಕಂಡಿದ್ದೇನೆ.

ಅಂಬಲಪಾಡಿಯ ನನ್ನ ದೊಡ್ಡಮ್ಮನ ಏಳುಕಲ್ಲಿನ ಮೂಗುತಿ ನಲವತ್ತು ವರ್ಷ ಬಿಚ್ಚದ್ದು. ದೊಡ್ಡಪ್ಪ ತೀರಿಕೊಂಡಾಗ ಸುತ್ತ ಸೇರಿದ ಹೆಂಗಸರು, ಹೌದು, ಹೆಂಗಸರೇ, ಅದನ್ನು ತಿರುಗಿಸಿ ಎಳೆದರು. ತಿರುಪು ಕಚ್ಚಿಕೊಂಡಿತ್ತು, ರಕ್ತ ಬಂತು. ಕೈ ತೊಳೆದುಕೊಳ್ಳಬೇಕೆಂದು ಒಬ್ಬರಿಗೂ ತೋಚಲಿಲ್ಲ. ಚುಚ್ಚುವಾಗ ಆಟಿಕೆಯಾದರೂ ಇತ್ತು.

ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯತಿಯು 2022ರ ಮೇ ತಿಂಗಳಲ್ಲಿ ವಿಧವೆಯ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ನಿಲ್ಲಿಸಲು ಠರಾವು ಮಾಡಿತು. ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಆಗ ದೊಡ್ಡಪ್ಪನ ವರ್ಷಾಂತಿಕ ಕಳೆದಿತ್ತು. ಅವರು ಏನೂ ಹೇಳಲಿಲ್ಲ. ರಾತ್ರಿ ದೀಪದ ಹತ್ತಿರ ಬಂದು, "ತೂತು ಮುಚ್ಚಿದೆಯಾ ನೋಡು ಮಾರಾಯ್ತಿ" ಎಂದರು.

ಮುಚ್ಚಿರಲಿಲ್ಲ, ಕಿರಿದಾಗಿತ್ತು. ಹಳೆಯ ತಿರುಪು ಹೋಗುವಂತಿರಲಿಲ್ಲ. ಒತ್ತಿದರೆ ಮತ್ತೆ ಗಾಯವೇ. ಚಿನ್ನದ ಆಚಾರ್ರು ಕುದಿಸಿದ ತೆಳ್ಳನೆಯ ತಂತಿಯೊಂದನ್ನು ಮೊದಲು ಹಾಕಿದರು. ಕೆಲವು ತಿಂಗಳ ಬಳಿಕ ಕನ್ನಡಿ ಮುಂದೆ ಕೂತು ದೊಡ್ಡಮ್ಮನೇ ಅದನ್ನು ಬದಲಾಯಿಸಿದರು, ನನ್ನನ್ನು ಮುಟ್ಟಗೊಡಲಿಲ್ಲ. ಈಗ ಅಲ್ಲಿರುವುದು ಸಣ್ಣದೊಂದು ಬಿಳಿಕಲ್ಲು. ಏಳುಕಲ್ಲಿನದು ಮೊದಲಿನಿಂದಲೂ ಭಾರವಾಗುತ್ತಿತ್ತಂತೆ.