ಚಪ್ಪಾಳೆಯ ಹೊಣೆ

ಓಡುವವನ ಸಾಹಸವನ್ನು ಕುರಿತು ಲೋಕವು ಬಹಳ ಮಾತನಾಡುತ್ತದೆ. ಅವನ ದಾರಿಯ ಬದಿಯಲ್ಲಿ ನೀರು ಹಿಡಿದು ನಿಂತವನನ್ನು ಕುರಿತು ಆಡುವ ಮಾತು ಕಡಿಮೆ. 2007ರಲ್ಲಿ ರೋಟರಿ ಬೆಂಗಳೂರು ಐ.ಟಿ. ಕಾರಿಡಾರ್ ಸಂಸ್ಥೆಯು ಮಧ್ಯರಾತ್ರಿಯ ಮ್ಯಾರಥಾನ್ ಓಟವೊಂದನ್ನು ಆರಂಭಿಸಿತು. ಹಲವು ವರ್ಷ ಅದಕ್ಕೆ ವೈಟ್‌ಫೀಲ್ಡಿನ ಕೆ.ಟಿ.ಪಿ.ಓ. ವಸ್ತುಪ್ರದರ್ಶನ ಕೇಂದ್ರವೇ ನೆಲೆಯಾಗಿತ್ತು. ಹಗಲೆಲ್ಲ ಕಂಪನಿಯ ಬಸ್ಸುಗಳಿಂದ ಕಿಕ್ಕಿರಿಯುವ ಬಡಾವಣೆಯಲ್ಲಿ ಇರುಳು ಹೊತ್ತು 42 ಕಿಲೋಮೀಟರ್ ಓಡುವವರು ಒಂದು ಕಡೆ. ಅವರಿಗಾಗಿ ನಿದ್ರೆಗೆಟ್ಟು ನಿಂತವರು ಇನ್ನೊಂದು ಕಡೆ. ಓಡಿದವನಿಗೆ ಪದಕವಾದರೂ ದೊರೆಯುತ್ತದೆ. ನಿಂತವನಿಗೆ ದೊರೆಯುವುದೇನು? ಅದಕ್ಕಿಂತ ಮುಖ್ಯವಾಗಿ, ಅವನ ಪಾಲಿಗೆ ಬರುವ ಹೊಣೆ ಯಾವುದು?

ಈಜು, ಸೈಕಲ್ ಸವಾರಿ, ಓಟ ಮೂರನ್ನೂ ಒಂದೇ ದಿನ ಬೆಸೆಯುವ ದೀರ್ಘದೂರದ ಟ್ರಯಾಥ್ಲಾನಿನಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೆ ಪೂರ್ತಿ ಮ್ಯಾರಥಾನ್: ಈ ಅಳತೆಯ ಮೊದಲ ಸ್ಪರ್ಧೆ ನಡೆದದ್ದು 1978ರ ಫೆಬ್ರುವರಿಯಲ್ಲಿ, ಹವಾಯಿಯಲ್ಲಿ. ಹೊರಟವರು 15 ಜನ, ಮುಗಿಸಿದವರು 12 ಜನ. ಕಾಕತಾಳೀಯವೆಂಬಂತೆ ಅದೇ ವರ್ಷ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಆ ಹಳ್ಳಿಗಳಲ್ಲಿ ದೇಹ ದಣಿಸಲು ಹೊಲಗೆಲಸವೇ ಸಾಕಾಗಿತ್ತು. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ಇಂದಿನವರು ದಣಿವನ್ನು ಹುಡುಕಿಕೊಂಡು ಹೋಗುತ್ತಾರೆ; ಅದಕ್ಕಾಗಿ ಶುಲ್ಕವನ್ನೂ ಕಟ್ಟುತ್ತಾರೆ. ಓಡಲು, ಸೈಕಲ್ ತುಳಿಯಲು ಊರ ರಸ್ತೆಗಳುಂಟು. ಈಜಲು ಮಾತ್ರ ಕೆರೆಯಿಲ್ಲ. ವೈಟ್‌ಫೀಲ್ಡಿನ ಪಕ್ಕದ ವರ್ತೂರು ಕೆರೆ ನೊರೆಯುಕ್ಕಿಸಿ ಹೆಸರಾಯಿತು. ಅದಕ್ಕೆ ನೀರು ಹರಿಸುವ ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿಯೇ ಹತ್ತಿಕೊಂಡಿತ್ತು. ಹೀಗಾಗಿ ತೆರೆದ ನೀರಿನ ಈಜಿಗೆ ಗೋವೆಯಂತಹ ಕಡಲತೀರವನ್ನೇ ಅರಸಬೇಕು. ಅಲ್ಲಿ 2019ರಿಂದ ಇದರ ಅರ್ಧ ಅಳತೆಯ ಸ್ಪರ್ಧೆ ಆರಂಭವಾಯಿತು.

ಈ ಕ್ರೀಡೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಸಂಘಟಕರು ಇರಿಸಿದ ನೀರು ಆಹಾರಗಳ ಹೊರತು ಹೊರಗಿನವರ ಸಹಾಯವನ್ನು ಸ್ಪರ್ಧಿಯು ಸ್ವೀಕರಿಸುವಂತಿಲ್ಲ. ಹಾಗಾಗಿ ದಡದಲ್ಲಿ ನಿಂತ ಹೆಂಡತಿಗೆ, ತಮ್ಮನಿಗೆ, ಗೆಳೆಯನಿಗೆ ಉಳಿಯುವುದು ದನಿಯೊಂದೇ. ದನಿಯಿಂದ ಮಾಡುವ ಈ ಕಾರ್ಯಕ್ಕೆ ಶಾಸ್ತ್ರದಲ್ಲಿ ಒಂದು ಹೆಸರಿದೆ: ಅನುಮೋದನೆ. ಕೃತ, ಕಾರಿತ, ಅನುಮೋದಿತ ಎಂದು ಕರ್ಮಕ್ಕೆ ಮೂರು ಬಾಗಿಲು. ತಾನೇ ಮಾಡುವುದು, ಪರರಿಂದ ಮಾಡಿಸುವುದು, ಪರರು ಮಾಡಿದ್ದಕ್ಕೆ ಮನಸ್ಸು ಕೊಡುವುದು. ಮೂರನೆಯದನ್ನು ಹಗುರವೆಂದು ತಿಳಿಯುವ ರೂಢಿ ಲೋಕದಲ್ಲಿದೆ. ಶಾಸ್ತ್ರಕಾರರು ಹಾಗೆ ತಿಳಿಯಲಿಲ್ಲ. ಈ ದೃಷ್ಟಿಯಿಂದ ನೋಡಿದರೆ ಚಪ್ಪಾಳೆ ತಟ್ಟಿದವನು ಬರಿಯ ಪ್ರೇಕ್ಷಕನಲ್ಲ, ಪಾಲುದಾರ. ಓಡುವವನ ಧೈರ್ಯದಲ್ಲಿ ಅವನಿಗೊಂದು ಪಾಲಿದ್ದರೆ ಅವನ ಹಠದಲ್ಲಿ, ಅಹಂಕಾರದಲ್ಲಿ, ಕೆಲವೊಮ್ಮೆ ಅವನ ಪತನದಲ್ಲಿಯೂ ಒಂದು ಪಾಲಿದೆ.

ಮೊದಲು ಸತ್ಯದ ಪ್ರಶ್ನೆ. ಮ್ಯಾರಥಾನಿನ 30ನೆಯ ಕಿಲೋಮೀಟರ್ ದಾಟಿದವನ ಕಾಲುಗಳು ಮರಗಟ್ಟಿರುತ್ತವೆ. ಆಗ ಬದಿಯಲ್ಲಿ ನಿಂತವರು ಸಾಮಾನ್ಯವಾಗಿ ಕೂಗುವ ಮಾತು, “ಇನ್ನೇನು ಬಂತು, ಸ್ವಲ್ಪವೇ ದೂರ!” ವಿಂಧ್ಯಗಿರಿಯ ಮೆಟ್ಟಿಲು ಹತ್ತುವ ಮುದುಕಿಗೂ ಇಳಿದು ಬರುವವರು ಇದನ್ನೇ ಹೇಳುತ್ತಾರೆ. ಹೇಳುವವರಲ್ಲಿ ಕರುಣೆಯಿದೆ, ಸಂದೇಹವಿಲ್ಲ. ಆದರೆ ಉಳಿದಿರುವುದು 12 ಕಿಲೋಮೀಟರ್. ಪ್ರಿಯವಾದ ಈ ಸುಳ್ಳು ನಿರುಪದ್ರವಿಯೆಂದು ಹಲವರ ವಾದ. ದಣಿದವನು ಆ ಮಾತನ್ನು ನಂಬಿ ಉಳಿದ ಬಲವನ್ನೆಲ್ಲ ಖರ್ಚುಮಾಡಿ, ತಿರುವು ದಾಟಿದ ಮೇಲೆ ಮುಂದೆ ಚಾಚಿರುವ ರಸ್ತೆಯನ್ನು ಕಂಡನೆಂದರೆ ಅವನ ಎದೆ ಕುಸಿಯುತ್ತದೆ. ಮುಂದೆ ಯಾರು ಏನೆಂದರೂ ಅವನು ನಂಬಲಾರ. ಅನುಭವವುಳ್ಳ ಸ್ವಯಂಸೇವಕರು ಬೇರೆ ಬಗೆಯಲ್ಲಿ ಮಾತನಾಡುತ್ತಾರೆ. “ಮುಂದಿನ ನೀರು ಎರಡು ಕಿಲೋಮೀಟರಿಗೆ, ಆ ಸೇತುವೆಯ ಕೆಳಗೆ.” ಇದರಲ್ಲಿ ಹೊಗಳಿಕೆಯಿಲ್ಲ, ಉತ್ಸಾಹದ ಉದ್ಗಾರವೂ ಇಲ್ಲ. ಆದರೂ ದಣಿದವನಿಗೆ ಇದರಷ್ಟು ಆಸರೆಯಾಗುವ ಮಾತು ಇನ್ನೊಂದಿರಲಾರದು. ಹಿತ, ಮಿತ, ಸತ್ಯ ಮೂರೂ ಒಂದೇ ವಾಕ್ಯದಲ್ಲಿ ಕೂಡಿಬರುವುದು ಹೀಗೆ.

ಇನ್ನು ನೀರು. ನೀರು ಕೊಡುವುದಕ್ಕಿಂತ ನಿರಪಾಯವಾದ ಸೇವೆ ಯಾವುದಿದೆ ಎಂದು ಯಾರಿಗಾದರೂ ಅನಿಸಬಹುದು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ವೈದ್ಯರು 488 ಓಟಗಾರರ ರಕ್ತವನ್ನು ಪರೀಕ್ಷಿಸಿದರು. ಅವರಲ್ಲಿ ನೂರಕ್ಕೆ 13 ಮಂದಿಯ ರಕ್ತದ ಸೋಡಿಯಂ ಅಂಶ ಇರಬೇಕಾದುದಕ್ಕಿಂತ ಕೆಳಗಿಳಿದಿತ್ತು. ಓಡುತ್ತ ಅತಿಯಾಗಿ ನೀರು ಕುಡಿದದ್ದೇ ಅದಕ್ಕೆ ಮುಖ್ಯ ಕಾರಣವೆಂದು ತಿಳಿದುಬಂತು. ಅದೇ ಓಟದಲ್ಲಿ ಈ ತೊಂದರೆಯಿಂದ ಒಬ್ಬ ತರುಣಿ ಪ್ರಾಣ ಕಳೆದುಕೊಂಡಳು. ಎಂದರೆ, ಲೋಟ ನೀಡುವ ಕೈಗೂ ಅರಿವು ಬೇಕು. ತೊದಲುವವನನ್ನು, ದಿಕ್ಕು ತಪ್ಪಿ ನಡೆಯುವವನನ್ನು ಕಂಡಾಗ ಇನ್ನೊಂದು ಲೋಟ ನೀಡಿ “ಹೋಗು, ಹೋಗು” ಎನ್ನುವುದು ದಯೆಯಲ್ಲ. ವೈದ್ಯರನ್ನು ಕರೆಯುವುದು ದಯೆ. ಅವನು ಮುನಿಸಿಕೊಂಡರೂ, ತಿಂಗಳುಗಟ್ಟಲೆ ಮಾಡಿದ ಅಭ್ಯಾಸವನ್ನು ಹಾಳುಮಾಡಿದೆಯೆಂದು ಬೈದರೂ ಕರೆಯಲೇಬೇಕು.

ಎಲ್ಲಿ ಕೈ ಚಾಚಬೇಕು, ಎಲ್ಲಿ ಕೈ ಕಟ್ಟಿಕೊಂಡಿರಬೇಕು ಎಂಬ ವಿವೇಕ ಸುಲಭವಲ್ಲ. 1908ರ ಲಂಡನ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಇಟಲಿಯ ಡೊರಾಂಡೊ ಪಿಯೆತ್ರಿ ಮೊದಲಿಗನಾಗಿ ಕ್ರೀಡಾಂಗಣ ಹೊಕ್ಕನು. ಆದರೆ ದಿಕ್ಕು ತಪ್ಪಿ ತಿರುಗಿದನು, ಮತ್ತೆ ಮತ್ತೆ ಬಿದ್ದನು. ಮರುಗಿದ ಅಧಿಕಾರಿಗಳು ಅವನನ್ನು ಎಬ್ಬಿಸಿ, ಆತುಕೊಂಡು ಗೆರೆ ದಾಟಿಸಿದರು. ಆ ಸಹಾಯವೇ ಕಾರಣವಾಗಿ ಅವನ ಗೆಲುವು ರದ್ದಾಯಿತು. ಎಪ್ಪತ್ತನಾಲ್ಕು ವರ್ಷಗಳ ಬಳಿಕ, 1982ರಲ್ಲಿ, ಹವಾಯಿಯ ಟ್ರಯಾಥ್ಲಾನಿನಲ್ಲಿ ಮಹಿಳೆಯರ ಪೈಕಿ ಮುಂದಿದ್ದ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಗುರಿಯ ಸಮೀಪದಲ್ಲಿಯೇ ಕುಸಿದಳು. ಕ್ಯಾಥ್ಲೀನ್ ಮೆಕಾರ್ಟ್ನಿ ಅವಳನ್ನು ದಾಟಿ 29 ಸೆಕೆಂಡುಗಳ ಅಂತರದಿಂದ ಗೆದ್ದಳು. ಜೂಲಿ ಚಾಚಿದ ಕೈಗಳನ್ನು ಬೇಡವೆಂದು, ಅಂಬೆಗಾಲಿಟ್ಟು ತೆವಳಿ ಗೆರೆ ಮುಟ್ಟಿದಳು. ಸುತ್ತ ನಿಂತವರು ಕೂಗಿದರು, ಹಿಡಿದೆತ್ತಲಿಲ್ಲ. ಡೊರಾಂಡೊನನ್ನು ಎತ್ತಿದವರು ಕೆಟ್ಟವರಲ್ಲ. ಅವರು ಅವನನ್ನು ನೆಲದಿಂದ ಎತ್ತಿ ನೆರಳಿಗೆ ಒಯ್ಯಬಹುದಾಗಿತ್ತು. ಗೆರೆಯ ಕಡೆಗೆ ಒಯ್ದರು. ಅವನ ಜೀವಕ್ಕಿಂತ ಅವನ ಗೆಲುವು ಅವರಿಗೆ ಪ್ರಿಯವಾಗಿತ್ತೆಂದು ತೋರುತ್ತದೆ. ಜೂಲಿಯ ಸುತ್ತ ನಿಂತವರೂ ನಿರ್ದೋಷಿಗಳೆಂದು ಹೇಳಿಬಿಡುವುದು ಅವಸರವಾದೀತು. ಅವಳು ಉಳಿದಳೆಂಬ ಕಾರಣಕ್ಕೆ ಆ ಕೂಗು ಇಂದು ಸುಂದರವಾಗಿ ಕೇಳುತ್ತದೆ.

ಮಧ್ಯರಾತ್ರಿಯ ಓಟವೆಂದೊಡನೆ ಈ ಪತ್ರಿಕೆಯ ಓದುಗರಲ್ಲಿ ಒಂದು ಶಂಕೆ ಏಳದಿರದು. ರಾತ್ರಿಭೋಜನ ಬಿಟ್ಟ ಶ್ರಾವಕನು ಇರುಳಿನಲ್ಲಿ ಪರರಿಗೆ ಬಾಳೆಹಣ್ಣು ಹಂಚಬಹುದೇ? ತನ್ನ ನಿಯಮದ ವ್ಯಾಪ್ತಿಯನ್ನು ಗುರುಗಳಲ್ಲಿ ಕೇಳಿ ತಿಳಿಯುವುದು ಅವನಿಗೆ ಬಿಟ್ಟದ್ದು. ಮೇಜಿನ ಬಳಿ ಅವನ ಮನಸ್ಸು ಒಪ್ಪದಿದ್ದರೆ ದಾರಿ ತೋರುವ, ಬಿದ್ದವರನ್ನು ನೋಡಿಕೊಳ್ಳುವ, ಬೆಳಕು ಹಿಡಿಯುವ ಕೆಲಸಗಳು ಬೇಕಾದಷ್ಟಿವೆ. ಬಾಹ್ಯತಪಗಳ ಪಟ್ಟಿಯಲ್ಲಿ ಕಾಯಕ್ಲೇಶವಿದೆ, ವೈಯಾವೃತ್ತ್ಯವೆಂಬ ಸೇವೆಯಾದರೋ ಅಂತರಂಗ ತಪಗಳಲ್ಲಿ ಸೇರಿದೆ. ಪದಕಕ್ಕಾಗಿ ಪಡುವ ದೇಹಶ್ರಮವನ್ನು ತಪಸ್ಸೆಂದು ಕರೆಯುವುದು ಅತಿಯಾದೀತು. ಆದರೂ ಇಬ್ಬರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿದಾಗ ಯಾರ ಕೆಲಸ ಒಳಗಿನದು ಎಂಬುದನ್ನು ಆ ಪಟ್ಟಿಯೇ ಸೂಚಿಸುತ್ತದೆ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಇಡೀ ಪಾಳಿ ನಿಂತೇ ದುಡಿಯುವವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಓಟ ಮುಗಿದ ಬೆಳಗಿನಲ್ಲಿ ತುಳಿದ ಲೋಟಗಳನ್ನು ಗುಡಿಸುವ ಪೌರಕಾರ್ಮಿಕಳಿಗೂ ಇಲ್ಲ. ಇಷ್ಟಪಟ್ಟು ದಣಿಯುವ ಸ್ಥಿತಿವಂತನಿಗೆ ಮಾತ್ರ ಏಕೆ ಈ ಮರ್ಯಾದೆ? ಆಕ್ಷೇಪವನ್ನು ತಳ್ಳಿಹಾಕಲು ಬರುವುದಿಲ್ಲ. ಅಪರಿಚಿತನ ಶ್ರಮವನ್ನು ಗಮನಿಸಲು ಒಂದು ರಾತ್ರಿ ಕಲಿತ ಕಣ್ಣು ಮರುದಿನ ಕಚೇರಿಯ ಬಾಗಿಲಲ್ಲಿ ನಿಂತ ಕಾವಲುಗಾರನನ್ನು ಕಾಣದೆ ಹಾದುಹೋದರೆ, ಅದು ಕಲಿತದ್ದು ಉತ್ಸವವನ್ನೇ ಹೊರತು ಅನುಮೋದನೆಯನ್ನಲ್ಲ. ಆ ಲೋಟಗಳನ್ನು ಸ್ವಯಂಸೇವಕರೇ ಹೆಕ್ಕಿ ಚೀಲ ತುಂಬಿಸಿದ ಮೇಲೆ ಮನೆಗೆ ಹೋಗುವುದು ಕನಿಷ್ಠ ಪಕ್ಷದ ಕರ್ತವ್ಯ.

ಆದಿಪುರಾಣದ ಪರಂಪರೆಯಲ್ಲಿ ಬಾಹುಬಲಿಯು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು; ಬಳ್ಳಿಗಳು ಮೈಗೇರಿದವು. ಆದರೂ ತನ್ನಿಂದ ಅಣ್ಣನಿಗೆ ಕ್ಲೇಶವಾಯಿತೆಂಬ ಸೂಕ್ಷ್ಮವಾದ ನೋವೊಂದು ಎದೆಯಲ್ಲಿ ಉಳಿದಿತ್ತು. ಭರತನು ಬಂದು ಪೂಜಿಸಿದಾಗಲೇ ಅದು ಕಳಚಿತು. ಭರತನು ಅವನಿಗೆ ಬಲವನ್ನು ಕೊಡಲಿಲ್ಲ; ಬಲ ಅವನಲ್ಲಿ ಮೊದಲೇ ಇತ್ತು. ಭರತನು ಬಂದನು, ಅಷ್ಟೇ. ಆ ಮಹಾಪುರುಷನಿಗೂ ರಸ್ತೆಯ ಓಟಗಾರನಿಗೂ ಹೋಲಿಕೆ ಸಲ್ಲದು. ಬಂದು ನಿಲ್ಲುವುದರ ಬೆಲೆ ಮಾತ್ರ ಆ ಕಥೆಯಿಂದ ತಿಳಿಯುತ್ತದೆ.

ಪೂರ್ಣ ಅಳತೆಯ ಟ್ರಯಾಥ್ಲಾನಿಗೆ ಸಾಮಾನ್ಯವಾಗಿ 17 ಗಂಟೆಗಳ ಗಡುವು. ಗೆದ್ದವನು ಎಂಟು ಗಂಟೆಯ ಆಸುಪಾಸಿನಲ್ಲಿಯೇ ಮುಗಿಸಿ, ಸ್ನಾನ ಮಾಡಿ, ಉಂಡು ಮಲಗಿರುತ್ತಾನೆ. ಛಾಯಾಚಿತ್ರಗಾರರು ಹೊರಟುಹೋಗಿರುತ್ತಾರೆ. ಕೊನೆಯವಳು ಇನ್ನೂ ಕತ್ತಲಲ್ಲಿ ನಡೆಯುತ್ತಿರುತ್ತಾಳೆ. ಕೊನೆಯ ಮೇಜಿನ ಬಳಿ ಇಬ್ಬರು ಅವಳ ಹೆಸರು ಬರೆದ ಪಟ್ಟಿಯನ್ನು ಕೈದೀಪದಲ್ಲಿ ನೋಡಿಕೊಂಡು, ಕೊನೆಯ ಲೋಟಕ್ಕೆ ನೀರು ತುಂಬಿಸಿ, ರಸ್ತೆಯ ಕಡೆ ನೋಡುತ್ತ ನಿಂತಿರುತ್ತಾರೆ.