ಬೆಚ್ಚಗಿರುವುದು: ದಾನವೋ, ಹಕ್ಕೋ?

ಚಳಿಗಾಲದಲ್ಲಿ ಬಡವರನ್ನು ಬೆಚ್ಚಗಿಡುವುದು ಉಳ್ಳವರ ದಯೆಯೋ, ಬಡವರ ಹಕ್ಕೋ? ಬೈಬಲ್ಲಿನ ವಿಮೋಚನಕಾಂಡ ಹಕ್ಕಿನ ಕಡೆಗಿದೆ. ಸಾಲಕ್ಕೆ ಒತ್ತೆಯಿಟ್ಟುಕೊಂಡ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕು, ಏಕೆಂದರೆ ರಾತ್ರಿ ಹೊದೆಯಲು ಸಾಲ ಪಡೆದವನಿಗಿರುವುದು ಅದೊಂದೇ. ಸಾಲ ತೀರಿರಬೇಕೆಂಬ ಷರತ್ತು ಅಲ್ಲಿಲ್ಲ.

ನಮ್ಮ ಕಾಲದಲ್ಲೂ ಇದೇ ಪ್ರಶ್ನೆ ಎದ್ದಿದೆ. 1997ರಲ್ಲಿ ಬ್ರಿಟನ್ ವೃದ್ಧರಿಗೆ ಚಳಿಗಾಲದ ಇಂಧನ ಭತ್ಯೆ ಆರಂಭಿಸಿದಾಗ ಆದಾಯ ಕೇಳಲಿಲ್ಲ. 2024ರಲ್ಲಿ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅದನ್ನು ಕಡಿಮೆ ಆದಾಯದ ನೆರವು ಪಡೆಯುವವರಿಗಷ್ಟೇ ಸೀಮಿತಗೊಳಿಸಲಾಯಿತು. ತೀವ್ರ ಟೀಕೆಯ ನಂತರ 2025ರಲ್ಲಿ ವಾರ್ಷಿಕ 35,000 ಪೌಂಡ್‌ವರೆಗಿನ ಆದಾಯದವರಿಗೂ ವಿಸ್ತರಿಸಲಾಯಿತು. ಬಡತನ ಸಾಬೀತುಪಡಿಸಿ ಎಂದರೆ ಸಂಕೋಚದಿಂದ ಅರ್ಜಿಯನ್ನೇ ಹಾಕದವರು ಹೊರಗುಳಿಯುತ್ತಾರೆ; ಹಾಗಾಗಿ ಹಕ್ಕಿನ ವಾದವೇ ಹೆಚ್ಚು ಮಾನವೀಯ. ಹೊರಗುಳಿಯುವುದು ಪ್ರಾಣಕ್ಕೇ ಕುತ್ತಾಗಬಹುದು: ನೆರವಿಲ್ಲದವರು ಬೆಚ್ಚಗಿರಲು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸುವುದುಂಟು. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಅದು ನಿದ್ದೆಯಲ್ಲೇ ಕೊಲ್ಲಬಲ್ಲದು.