ಸತ್ತವಳ ಪ್ರೀತಿಯ ಕಥೆ

ನಾಲ್ಕು ಜನ ಹೆಂಗಸರು ಸೇರಿದ ಕಡೆ ಕಲ್ಪನಾ ಅವರ ಹೆಸರು ಎತ್ತಿ ನೋಡಿ. ಮೊದಲು ಅವರ ಸೀರೆ, ಬಳೆ, ತುರುಬಿನ ಮಾತು ಬರುತ್ತದೆ. ಎರಡನೆಯ ಮಾತಿಗೇ ಸಾವು ಬಂದುಬಿಡುತ್ತದೆ. "ಪಾಪ, ಪ್ರೀತಿ ಮಾಡಿ ಕೆಟ್ಲು ನೋಡ್ರಿ" ಎಂದು ಯಾರಾದರೂ ಒಬ್ಬರು ಉಸಿರು ಬಿಡುತ್ತಾರೆ. 'ಬೆಳ್ಳಿಮೋಡ'ದ ಇಂದಿರಾ, 'ಗೆಜ್ಜೆಪೂಜೆ'ಯ ಚಂದ್ರಾ, 'ಶರಪಂಜರ'ದ ಕಾವೇರಿ ಎಲ್ಲರೂ ಆ ಒಂದು ನಿಟ್ಟುಸಿರಿನ ಹಿಂದೆ ಮರೆಯಾಗುತ್ತಾರೆ. ಹದಿನೈದು ವರ್ಷ ದುಡಿದ ಒಬ್ಬ ಕಲಾವಿದೆಯ ಬದುಕನ್ನು ಕೊನೆಯ ಒಂದು ರಾತ್ರಿಯಿಂದ ಹಿಂದಕ್ಕೆ ಓದುವುದು ನಮಗೆ ಅಷ್ಟು ರೂಢಿಯಾಗಿದೆ. ಇದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

1979ರ ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ, ಗೋಟೂರಿನ ಬಂಗಲೆಯಲ್ಲಿ ಕಲ್ಪನಾ ತೀರಿಕೊಂಡರು. ಇನ್ನೂ ನಲವತ್ತು ದಾಟದ ವಯಸ್ಸು. ಸಿನಿಮಾದ ಅವಕಾಶಗಳು ಕಡಿಮೆಯಾದ ಮೇಲೆ ನಾಟಕ ಕಂಪನಿ ಸೇರಿ ಉತ್ತರ ಕರ್ನಾಟಕದ ಊರೂರು ತಿರುಗಿ ಪಾತ್ರ ಮಾಡುತ್ತಿದ್ದರು. ಅವರು ಹೋದ ಮೇಲೆ ಯಾರ ಜೊತೆ ಏನಿತ್ತು, ಯಾಕೆ ಹೀಗಾಯಿತು ಎಂದು ಊರಿಗೆ ಊರೇ ಸಾಕ್ಷಿ ಹೇಳಿತು. ನಮ್ಮ ದಾವಣಗೆರೆಯಂತೂ ನಾಟಕದವರ ಊರು. ದುರ್ಗಾಂಬಿಕಾ ಜಾತ್ರೆ ಬಂತೆಂದರೆ ಕಂಪನಿ ನಾಟಕದ ನೆನಪು ಬಾರದ ಮನೆಯಿಲ್ಲ. ಹಾಗಾಗಿ ಕಲ್ಪನಾ ಅವರನ್ನು ತೆರೆಯ ಮೇಲೆ ಬಿಟ್ಟರೆ ಬೇರೆಲ್ಲೂ ಕಾಣದವರೂ ಅವರ ಒಳಗಿನ ಸಂಕಟವನ್ನು ಕಣ್ಣಾರೆ ಕಂಡವರಂತೆ ಮಾತಾಡುತ್ತಿದ್ದರು. ಆ ಮಾತುಗಳಲ್ಲಿ ಬರುತ್ತಿದ್ದ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಸಾಕ್ಷಿಯಿಲ್ಲದ ಮಾತಿಗೆ ಹೆಸರು ಕಟ್ಟುವುದು ಬೇಡ.

2015ರಲ್ಲಿ ಪೂಜಾ ಗಾಂಧಿ ಅಭಿನಯದ 'ಅಭಿನೇತ್ರಿ' ಬಂದಾಗ, ಅದು ಕಲ್ಪನಾ ಅವರದೇ ಕಥೆಯಂತೆ ಎಂಬ ಮಾತು ಚಿತ್ರಕ್ಕಿಂತ ಮೊದಲೇ ಊರು ಮುಟ್ಟಿತ್ತು. 2018ರಲ್ಲಿ ತೆಲುಗಿನಲ್ಲಿ ಸಾವಿತ್ರಿಯವರ ಬದುಕು 'ಮಹಾನಟಿ'ಯಾಗಿ ಬಂತು. ನಟಿಯ ಕಣ್ಣೀರಿಗೆ, ಅದರಲ್ಲೂ ಪ್ರೀತಿಯಲ್ಲಿ ಸೋತ ನಟಿಯ ಕಣ್ಣೀರಿಗೆ, ಯಾವತ್ತೂ ಗಿರಾಕಿಯುಂಟು.

ಇದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಕಾಲೇಜಿಗೆ ಹೋಗುವ ನನ್ನ ಅಣ್ಣನ ಮಗಳು ರಜೆಗೆ ಬಂದಾಗ ಒಂದು ಇಂಗ್ಲಿಷ್ ಚಿತ್ರವನ್ನು ಕೂತು ತೋರಿಸಿದಳು. 'ಸಿಡ್ ಅಂಡ್ ನ್ಯಾನ್ಸಿ' ಅಂತ, ಅಲೆಕ್ಸ್ ಕಾಕ್ಸ್ ಎಂಬುವರು 1986ರಲ್ಲಿ ಮಾಡಿದ್ದು. ಲಂಡನ್ನಿನಲ್ಲಿ ಎಪ್ಪತ್ತರ ದಶಕದ ನಡುವೆ ಸಿಟ್ಟಿನ ಹುಡುಗರು ರಾಗ ತಾಳದ ಹಂಗಿಲ್ಲದೆ ಕಿರುಚಿ ಹಾಡಿದ ಸಂಗೀತಕ್ಕೆ ಪಂಕ್ ಎಂದು ಹೆಸರು. ಅಂಥ ಹುಡುಗರ 'ಸೆಕ್ಸ್ ಪಿಸ್ಟಲ್ಸ್' ಎಂಬ ತಂಡದಲ್ಲಿ ಸಿಡ್ ವಿಷಸ್ ಗಿಟಾರು ಹಿಡಿದವನು, ಅದನ್ನು ಸರಿಯಾಗಿ ನುಡಿಸಲೂ ಬಾರದವನು. ಅವನ ಗೆಳತಿ ನ್ಯಾನ್ಸಿ ಸ್ಪಂಗನ್, ಅಮೆರಿಕದ ಹುಡುಗಿ. ಇಬ್ಬರಿಗೂ ಹೆರಾಯಿನ್ ಚಟ. 1978ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಚೆಲ್ಸಿಯಾ ಹೋಟೆಲಿನ ಕೋಣೆಯಲ್ಲಿ ಚಾಕುವಿನ ಗಾಯದಿಂದ ಸತ್ತ ನ್ಯಾನ್ಸಿ ಸಿಕ್ಕಳು. ಅವಳಿಗೆ ಇಪ್ಪತ್ತು ವರ್ಷ. ಸಿಡ್‌ನ ಮೇಲೆ ಕೊಲೆಯ ಆರೋಪ ಬಂತು. ವಿಚಾರಣೆ ಶುರುವಾಗುವ ಮೊದಲೇ, 1979ರ ಫೆಬ್ರವರಿಯಲ್ಲಿ, ಅವನೂ ಹೆರಾಯಿನ್ ಹೆಚ್ಚಾಗಿ ಸತ್ತ. ಅವನಿಗೆ ಇಪ್ಪತ್ತೊಂದು.

ಚಿತ್ರ ಸುಳ್ಳು ಚೆಂದ ತೋರಿಸುವುದಿಲ್ಲ. ಕೊಳಕು ಕೋಣೆ, ಚಟ, ಜಗಳ, ಹೊಡೆದಾಟ ಎಲ್ಲ ಇದೆ. ಆದರೆ ಕೊನೆಯಲ್ಲಿ ಸತ್ತ ನ್ಯಾನ್ಸಿ ಟ್ಯಾಕ್ಸಿಯಲ್ಲಿ ಕೂತು ಬರುತ್ತಾಳೆ, ಸಿಡ್ ಹತ್ತಿಕೊಳ್ಳುತ್ತಾನೆ, ಇಬ್ಬರೂ ಹೊರಟುಹೋಗುತ್ತಾರೆ. ನೋಡುವವರ ಗಂಟಲು ಕಟ್ಟುತ್ತದೆ.

"ಎಷ್ಟು ಪ್ರೀತಿ ಅಲ್ವಾ ಅತ್ತೆ? ಒಬ್ರನ್ನ ಬಿಟ್ಟು ಒಬ್ರು ಬದುಕಲೇ ಇಲ್ಲ" ಎಂದಳು ಹುಡುಗಿ, ಕಣ್ಣೊರೆಸಿಕೊಂಡು.

"ಅಲ್ಲವ್ವಾ, ಆ ಹುಡುಗಿ ಮೊದಲು ಸತ್ತಳಲ್ಲ. ಅದಕ್ಕೆ ಲೆಕ್ಕ ಕೊಟ್ಟೋರು ಯಾರು?" ಎಂದೆ.

ಅವಳು ಸುಮ್ಮನಾದಳು. ನಿಜಕ್ಕೂ ಆ ಲೆಕ್ಕ ಯಾರೂ ಕೊಡಲಿಲ್ಲ. ವಿಚಾರಣೆಯೇ ನಡೆಯದ್ದರಿಂದ ಆ ರಾತ್ರಿ ಏನಾಯಿತೆಂದು ಯಾವ ಕೋರ್ಟೂ ತೀರ್ಮಾನಿಸಲಿಲ್ಲ. ಖಾಲಿ ಉಳಿದ ಆ ಜಾಗದಲ್ಲಿ ಜನ 'ಪ್ರೀತಿ' ಎಂಬ ಪದವನ್ನು ತಂದಿಟ್ಟರು. ನನ್ನ ತಕರಾರು ಇರುವುದೇ ಇಲ್ಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬಿಡುವ ಬದಲು ಪ್ರೀತಿಯಿಂದ ಮುಚ್ಚಿದರೆ, ಕೇಳಬೇಕಾದ ಪ್ರಶ್ನೆಯೇ ಸತ್ತುಹೋಗುತ್ತದೆ.

ನ್ಯಾನ್ಸಿಗೆ ಒಬ್ಬ ತಾಯಿ ಇದ್ದಳು, ಡೆಬೊರಾ. ಚಿತ್ರ ಬರುವುದಕ್ಕೆ ಮೂರು ವರ್ಷ ಮೊದಲೇ, 1983ರಲ್ಲಿ, ಆಕೆ ಮಗಳ ಬಗ್ಗೆ ಒಂದು ಪುಸ್ತಕ ಬರೆದಳು. ಅದು ಶುರುವಾಗುವುದು ಹೋಟೆಲಿನ ಪ್ರೇಮದಿಂದಲ್ಲ, ಹುಟ್ಟಿದಾಗಿನಿಂದ ಸಮಾಧಾನವೇ ಇಲ್ಲದೆ ಅಳುತ್ತಿದ್ದ ಒಂದು ಕೂಸಿನ ಸುತ್ತ. ಆ ಮಗು ಬುದ್ಧಿವಂತೆ, ಮನಸ್ಸಿನ ಕಾಯಿಲೆಯಿಂದ ನರಳಿದವಳು, ಅಪ್ಪ ಅಮ್ಮ ಡಾಕ್ಟರಿಂದ ಡಾಕ್ಟರಿಗೆ ಹೊತ್ತುಕೊಂಡು ತಿರುಗಿದವಳು. ಇಪ್ಪತ್ತು ವರ್ಷದ ಆ ಬದುಕಿನಲ್ಲಿ ಸಿಡ್ ಜೊತೆಗಿದ್ದದ್ದು ಎರಡು ವರ್ಷವೂ ಅಲ್ಲ. ಜಗತ್ತಿಗೆ ಬೇಕಾದದ್ದು ಆ ಎರಡು ವರ್ಷ, ತಾಯಿಗೆ ಬೇಕಾದದ್ದು ಇಪ್ಪತ್ತೂ. ಕೊನೆಗೆ ಆ ತಾಯಿ ಏನು ಮಾಡಿದಳು ಗೊತ್ತೇ? ಫಿಲಡೆಲ್ಫಿಯಾದಲ್ಲಿ ಕೊಲೆಯಾದವರ ಮನೆಮಂದಿಗೆ ಆಸರೆಯಾಗಲು ಒಂದು ಸಂಸ್ಥೆಯನ್ನೇ ಕಟ್ಟಿದಳು. ದುಃಖಕ್ಕೆ ಅರ್ಥ ಕೊಡುವುದು ಎಂದರೆ ಇದು ಎಂದು ನನಗೆ ಅನ್ನಿಸುತ್ತದೆ.

ಇದೆಲ್ಲ ದೂರದ ಮಾತಾಯಿತು ಎನ್ನುವಿರೇನೋ. ಹತ್ತಿರದ್ದನ್ನೇ ಹೇಳುತ್ತೇನೆ. ಮದುವೆಯಾದ ಹೊಸದರಲ್ಲಿ ನಾವು ಹರಿಹರದ ಒಂದು ವಠಾರದಲ್ಲಿದ್ದೆವು. ಅಲ್ಲಿ ಒಬ್ಬನಿಗೆ ಹೆಂಡತಿಯನ್ನು ಹೊಡೆಯುವ ಅಭ್ಯಾಸ. ಹೊಡೆದ ಮರುದಿನ ಸಂಜೆ ತಪ್ಪದೆ ಮಲ್ಲಿಗೆ ಹೂವು ತರುತ್ತಿದ್ದ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರು "ಹೊಡೆದ್ರೂ ಪ್ರೀತಿ ಬಾಳ ಐತಿ ಬಿಡ್ರಿ" ಎಂದು ತೀರ್ಪು ಕೊಡುತ್ತಿದ್ದರು. ಮೂಲೆಮನೆಯ ಅಜ್ಜಿ ಒಬ್ಬರು ಮಾತ್ರ, "ಪ್ರೀತಿ ಇದ್ದೋನ ಕೈ ಯಾಕ ಮೇಲೆ ಬರ್ತತಿ?" ಎಂದು ಕೇಳುತ್ತಿದ್ದರು. ಆ ಹೆಂಗಸಿಗೆ ಕೊನೆಗೆ ಹಿಡಿಸಿದ್ದು ಅಜ್ಜಿಯ ಪ್ರಶ್ನೆ. ಮಗುವನ್ನು ಕಟ್ಟಿಕೊಂಡು ದಾವಣಗೆರೆಯ ತಂಗಿಯ ಮನೆಗೆ ಬಂದು, ಜೋಳದ ರೊಟ್ಟಿ ಬಡಿದು ಮಾರಿ, ಮಗಳನ್ನು ಓದಿಸಿದರು. ಅವರ ಕಥೆಯನ್ನು ಯಾರೂ ಸಿನಿಮಾ ಮಾಡುವುದಿಲ್ಲ. ಯಾಕೆಂದರೆ ಅವರು ಸಾಯಲಿಲ್ಲ.

ಹಾಗಾದರೆ ದುಃಖದ ಕಥೆ ಹೇಳಲೇಬಾರದೇ? ಹಾಗೆಂದರೆ 'ಶರಪಂಜರ'ವನ್ನೇ ಬಿಟ್ಟುಕೊಡಬೇಕಾಗುತ್ತದೆ, ಅದು ನನ್ನಿಂದಾಗದು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದಾಗ ಅತ್ತವರು ಕಡಿಮೆಯೇ? ಆದರೆ ಕಾವೇರಿಯ ಸಂಕಟ ನೋಡಿ ಬಂದವರ ಮನಸ್ಸಿನಲ್ಲಿ, ಗಂಡ ಹೀಗೆ ಕೈಬಿಡಬಹುದಿತ್ತೇ, ವಾಸಿಯಾಗಿ ಬಂದವಳನ್ನು ಮನೆಯವರು, ನೆರೆಯವರು ಹುಚ್ಚಿಯೆಂದೇ ನೋಡಿದ್ದು ನ್ಯಾಯವೇ ಎಂಬ ಪ್ರಶ್ನೆ ಏಳುತ್ತಿತ್ತು. ನೋವಿಗೆ ಅಲ್ಲಿ ಜವಾಬ್ದಾರರಿದ್ದರು. ದುರಂತ ಪ್ರೇಮದ ಕಥೆಯಲ್ಲಿ ಜವಾಬ್ದಾರರೇ ಇರುವುದಿಲ್ಲ, ಎಲ್ಲವೂ ವಿಧಿಯ ತಲೆಗೆ. ಮೇಲಾಗಿ ಕಾವೇರಿ ಕಲ್ಪನೆಯ ಹೆಣ್ಣು, ಅವಳಿಗೆ ನಮ್ಮಿಂದ ಅನ್ಯಾಯವಾಗಲಾರದು. ಬದುಕಿ ಹೋದವಳಿಗೆ ಆಗುತ್ತದೆ. ಅವಳು ಎದ್ದು ಬಂದು "ಅದು ಹಾಗಲ್ಲ" ಎನ್ನಲಾರಳು.

ಪ್ರೀತಿಯೆಂದರೆ ಇಬ್ಬರು ಕರಗಿ ಒಂದಾಗುವುದು ಎಂದು ಸಿನಿಮಾಗಳು ಕಲಿಸುತ್ತವೆ. ಹರಿಹರದ ದೇವರು ಬೇರೆ ಪಾಠ ಹೇಳುತ್ತಾನೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಆ ಗುಡಿಯಲ್ಲಿ ಒಂದೇ ಮೈಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ಅಷ್ಟು ಒಂದಾದರೂ ಹರನ ಗುರುತು ಹರನಿಗೇ, ಹರಿಯದು ಹರಿಗೇ. ಒಬ್ಬರು ಇನ್ನೊಬ್ಬರಲ್ಲಿ ಇಲ್ಲವಾಗಲಿಲ್ಲ. ಶೈವ ವೈಷ್ಣವರ ಜಗಳ ತೀರಿಸಲು ಹುಟ್ಟಿದ ಕಲ್ಪನೆ ಎನ್ನುತ್ತಾರೆ ತಿಳಿದವರು, ಇರಲಿ. ಗಂಡ ಹೆಂಡಿರಿಗೂ ಅದರಲ್ಲಿ ಬುದ್ಧಿಮಾತಿದೆ.

ನಮ್ಮ ದಾವಣಗೆರೆಯವರೇ ಆದ ಚಿಂದೋಡಿ ಲೀಲಾ ಇದ್ದರು. ಕೆ.ಬಿ.ಆರ್. ಡ್ರಾಮಾ ಕಂಪನಿಯ ದೊಡ್ಡ ನಟಿ. 'ಹಳ್ಳಿ ಹುಡುಗಿ' ನಾಟಕದಿಂದ ಮನೆಮಾತಾದವರು, 1988ರಲ್ಲಿ ಪದ್ಮಶ್ರೀ ಪಡೆದವರು, ನಾಟಕ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. 2010ರಲ್ಲಿ ತೀರಿಕೊಂಡರು. ಕಂಪನಿಯ ಕಷ್ಟ, ನಷ್ಟ, ಅಲೆದಾಟ ಅವರಿಗೇನು ಕಡಿಮೆಯಿದ್ದಿರಲಾರದು. ಆದರೂ ಅವರ ಹೆಸರು ಬಂದರೆ ನಾವು ಪಾತ್ರದ ಮಾತಾಡುತ್ತೇವೆ, ಸಾವಿನದಲ್ಲ. ಕಲ್ಪನಾ ಅವರಿಗೂ ಅಷ್ಟು ಮರ್ಯಾದೆ ಸಲ್ಲಬೇಕಲ್ಲವೇ? ಅವರ ನೋವನ್ನು ಮರೆಯಿರಿ ಎಂದು ನಾನು ಹೇಳುತ್ತಿಲ್ಲ. ನೋವಿಗೆ ಪ್ರೀತಿಯ ಹೆಸರಿಟ್ಟು ನಮ್ಮ ಹೆಣ್ಣುಮಕ್ಕಳ ಕೈಗೆ ಕೊಡಬೇಡಿ ಎನ್ನುತ್ತೇನೆ, ಅಷ್ಟೆ. ಯಾರಿಗಾಗಿ ಸಾಯಬಹುದು ಎಂಬ ಕಥೆಗಳು ಅವರಿಗೆ ಬೇಕಾದಷ್ಟು ಸಿಗುತ್ತವೆ. ಯಾರ ಜೊತೆ ನಾವು ನಾವಾಗಿಯೇ ಬದುಕಬಹುದು ಎಂಬುದನ್ನು ಮನೆಯಲ್ಲಿ ನಾವೇ ಹೇಳಬೇಕು.